ಪಾತಾಳಗರಡಿ

ಕೈತಾನ್ ಮಾಸ್ತರ ಪ್ರಶ್ನೆಗೆ ಉತ್ತರ ಬಾಯಿಪಾಠ:
ರಕ್ಷಣೆ ಎಂದರೆ ಪಾಪದಿಂದ ಬಿಡುಗಡೆ, ಮರಣದಿಂದ ಬಿಡುಗಡೆ,
ದೇವರ ಜೊತೆ ಎಂದೆಂದಿನ ಬಾಳು.
ಹತ್ತಕ್ಕೆ ಹತ್ತು. ಬಹುಮಾನ ಒಂದು ಪೆಪ್ಪರಮಿಂಟು.
ಅದು ಕರಗಿದ ಮೇಲೆ
ನಾಲಿಗೆಯಲ್ಲಿ ಏನೂ ಉಳಿಯಲಿಲ್ಲ.

ಅರ್ಥ ನೇತಾಡುತ್ತಿದ್ದದ್ದು ಬೇರೆ ಕಡೆ.
ರಿಪ್ಪನ್‌ಪೇಟೆಯ ನಮ್ಮ ಓಣಿಯಲ್ಲಿ
ಸೆರಪಿನ್ ಬಾಯಿಯ ಹಿತ್ತಿಲ ಬಾಗಿಲ ಹಿಂದೆ, ಮೊಳೆಗೆ:
ಕಬ್ಬಿಣದ ಬಳೆ, ಬಳೆಯ ಸುತ್ತ ಕೊಕ್ಕೆ,
ಕೊಕ್ಕೆಗೆ ಮರಿಕೊಕ್ಕೆ,
ತುಕ್ಕು ಹಿಡಿದ ಮುಳ್ಳಿನ ಕಿರೀಟದ ಹಾಗೆ
ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಜೇಡ.

ಓಣಿಗೆಲ್ಲ ಇದ್ದದ್ದು ಅದೊಂದೇ ಗರಡಿ.
ಹಗ್ಗ ಹರಿದು ಕೊಡ ಬಾವಿಗೆ ಬಿದ್ದರೆ
ಗಾಣಿಗರ ರುದ್ರಮ್ಮ, ಸೋಡಾ ಅಂಗಡಿಯ ಮಮ್ಮದೆ,
ಪೋಸ್ಟ್ ಮಾಸ್ತರ ಹೆಂಡತಿ,
ಎಲ್ಲರೂ ಅವಳ ಜಗಲಿಗೇ ಬರಬೇಕು.
ಅಡವಿಲ್ಲದೆ ಕೊಡುತ್ತಿರಲಿಲ್ಲ ಮುದುಕಿ.
ತಂಬಿಗೆಯೋ ತಟ್ಟೆಯೋ, ಏನಾದರೊಂದು.
ಗರಡಿ ಮರಳಿದರೆ ಪಾತ್ರೆ ಮರಳೀತು.
ಉಳ್ಳವರ ಮನೆಯ ಬೆಳ್ಳಿ ಲೋಟವೂ
ಅವಳ ಗೂಡಿನಲ್ಲಿ ಒಂದು ರಾತ್ರಿ ಸೆರೆಯಿದ್ದದ್ದುಂಟು.

ಆ ವರ್ಷದ ಪವಿತ್ರ ಶನಿವಾರ.
ಇಗರ್ಜಿಯ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿತ್ತು.
ಪೀಠ ಬತ್ತಲೆ.
ಸತ್ತವನು ಸತ್ತೇ ಇರುವ ದಿನ.
ರಾತ್ರಿಯ ಪೂಜೆಗೆ ಹಂಡೆ ತುಂಬಿಸುವಾಗ
ತಾಮ್ರದ ಕೊಡ ಕೈತಪ್ಪಿ ಬಾವಿ ಸೇರಿತು.
ಗರಡಿ ಕೇಳಲು ಬಂದವನು ಬಾಲ್ತಿ,
ಹಗಲು ಮಾಡು ಹತ್ತಿ ಹಂಚು ಹೊದಿಸುವವನು,
ಸಂಜೆಗೆ ನೆಲ ಸಿಗದವನು.
ಅಡವಿಗೆ ಏನೂ ಇರಲಿಲ್ಲ.
“ನನ್ನ ಮರ್ಯಾದೆ ಇಟ್ಕೊಳ್ಳಿ ಬಾಯಿ” ಅಂತ ನಕ್ಕ.
ಅವಳು ನಗಲಿಲ್ಲ. ಒಳಗೆ ಹೋಗಿ
ತನ್ನದೇ ಹಿತ್ತಾಳೆ ತಂಬಿಗೆ ತಂದು
ಅಡವಿನ ಸಾಲಿನಲ್ಲಿ ಇಟ್ಟಳು.
“ಇದು ನಿಂದು. ಹೋಗು.”

ಬಾವಿಕಟ್ಟೆಯ ಸುತ್ತ ಹತ್ತು ಜನ, ಹತ್ತು ಸಲಹೆ.
ಆಚೆ ಬಿಡು, ಈಚೆ ಎಳಿ, ಸ್ವಲ್ಪ ಅಲ್ಲಾಡ್ಸು.
ಸಲಹೆ ಕೇಳಿ ಯಾವ ಕೊಡವೂ ಹತ್ತಿ ಬಂದದ್ದಿಲ್ಲ.
ಗರಡಿ ಒಂದೇ ಸುಮ್ಮನೆ ಇಳಿಯಿತು,
ಬೆಳಕು ಮುಗಿಯುವಲ್ಲಿಗೆ, ಆಮೇಲೆ ಕೆಸರಿಗೆ.

ಮೊದಲು ಸಿಕ್ಕಿದ್ದು ಒಂದು ಸೈಕಲ್ ಚೈನು.
ಎರಡನೆಯದು ಚಪ್ಪಟೆ, ಭಾರ:
ನೀರಿನ ಮೇಲೆ ಮೂಡಿದಾಗ ಗುರುತಾಯಿತು,
ಬೀಗ ಒಡೆದ ಡಬ್ಬಿ, ಬಡವರ ಕಾಣಿಕೆಯದು,
ಮೂರು ವರ್ಷದ ಹಿಂದೆ ಕಳುವಾದದ್ದು.
ಅದಕ್ಕೇ ಅಲ್ಲವೆ ಗಂಟೆ ಹೊಡೆಯುತ್ತಿದ್ದ ಇನಾಸನನ್ನು
ನಾವೆಲ್ಲ ಸೇರಿ ಊರು ಬಿಡಿಸಿದ್ದು?

ಬಾಲ್ತಿಯ ಕೈ ನಿಂತಿತು.
ಅರ್ಧ ಬಾವಿಯಲ್ಲಿ ಡಬ್ಬಿ, ಸುತ್ತುತ್ತಾ.
ಹಗ್ಗ ಬಿಡಬಹುದಿತ್ತು,
ಜಾರಿತು ಅಂದಿದ್ದರೆ ನಂಬುತ್ತಿದ್ದೆವು.
ಬಿಡಲಿಲ್ಲ. ಎಳೆದ. ಕಟ್ಟೆಯ ಮೇಲಿಟ್ಟ.
“ನಾನೇ” ಅಂದ.
ಕೈತಾನ್ ಮಾಸ್ತರು ಜೇಬಿಗೆ ಕೈಹಾಕಿ
ಸುಮ್ಮನೆ ತೆಗೆದರು.

ಕೊಡ ಬಂದದ್ದು ಕೊನೆಗೆ,
ಹೊಟ್ಟೆಯ ಮೇಲೆ ಕೊಕ್ಕೆಯ ಉದ್ದ ಗೀರು.
ಎತ್ತುವಾಗ ಗೀರದೆ ಎತ್ತುವ ಕೊಕ್ಕೆ ಇಲ್ಲ.
ಆ ರಾತ್ರಿ ಅದೇ ನೀರು ನಮ್ಮ ತಲೆಗೆಲ್ಲ ಬಿತ್ತು.

ಈಸ್ಟರಿನ ಬೆಳಿಗ್ಗೆ ಮೊದಲ ಬಸ್ಸಿಗೆ
ಬಾಲ್ತಿ ಘಟ್ಟ ಇಳಿದ, ಇನಾಸನನ್ನು ಹುಡುಕುತ್ತಾ.
ಗರಡಿಯನ್ನು ತೊಳೆದು ಮೊಳೆಗೆ ಹಾಕಿ ಹೋಗಿದ್ದ.
ಸಿಕ್ಕನೋ, ಕ್ಷಮಿಸಿದನೋ, ಹೊಡೆದನೋ
ಗೊತ್ತಿಲ್ಲ.
ಇಬ್ಬರೂ ಮರಳಲಿಲ್ಲ.

ತಂಬಿಗೆ ಉಳಿಯಿತು.
ಸೆರಪಿನ್ ಬಾಯಿ ಅದರಲ್ಲಿ ಮತ್ತೆ ನೀರು ಕುಡಿದವಳಲ್ಲ:
“ಅದು ಅವಂದು. ಬರ್ತಾನೆ.”
ಸಾಯುವ ವಾರ ನನ್ನ ಕೈಗೆ ಕೊಟ್ಟಳು, ಗರಡಿಯ ಸಮೇತ.

ಶಿವಮೊಗ್ಗದ ಗೋಪಾಳದಲ್ಲಿ ನಮಗೆ ಬಾವಿಯಿಲ್ಲ, ನಲ್ಲಿ ಇದೆ.
ಭಾನುವಾರ ವಿಶ್ವಾಸಪ್ರಮಾಣ ಹೇಳುವಾಗ
‘ಪಾತಾಳಕ್ಕಿಳಿದು’ ಎಂಬಲ್ಲಿ ನನ್ನ ಬಾಯಿ ಒಂದು ಕ್ಷಣ ಹಿಂದೆ ಬೀಳುತ್ತದೆ,
ರಾಟೆ ಕಿರುಗುಟ್ಟುತ್ತದೆ,
ಅಷ್ಟರಲ್ಲಿ ಉಳಿದವರು ಮೂರನೇ ದಿನಕ್ಕೆ ಹೋಗಿರುತ್ತಾರೆ.

ಶನಿವಾರ ಹುಣಸೆಹುಳಿ ಹಾಕಿ ತಿಕ್ಕುತ್ತೇನೆ.
ಮಗಳು ಕೇಳುತ್ತಾಳೆ, ಯಾರದಮ್ಮ ಇದು?
ಬಿಡಿಸಿಕೊಳ್ಳುವವರು ಬಂದಿಲ್ಲ ಇನ್ನೂ, ಅನ್ನುತ್ತೇನೆ.
ದುಡ್ಡು ಬಾಕಿ ಇದೆಯಾ?
ಇಲ್ಲ ಮಗಾ.
ಬರುವುದೊಂದೇ ಬಾಕಿ.