ಸೊಟ್ಟ ಮೆಟ್ಟಿಲು

ಎರಡನೇ ಇಯತ್ತೆಯ ಓದುವ ಪುಸ್ತಕ,
ಹದಿನೇಳನೇ ಪುಟ.
ನಾಲ್ಕು ಬೆರಳುದ್ದದ ಎಂಜಿನ್ನು,
ನೀಲಿ ಮೈ, ಕೆಂಪು ಗಾಲಿ,
ಹೊಗೆ ಮಾತ್ರ ಬರೀ ಬಿಳಿ ಕಾಗದ,
ಸುತ್ತ ಗೆರೆ ಎಳೆದು ಬಿಟ್ಟದ್ದು.

ಗದಗ ಸ್ಟೇಶನ್ನಿಗೆ ಬಂದು ನಿಲ್ಲುತ್ತಿದ್ದವೆಲ್ಲ ಕರಿಯವು.
ಜಿಡ್ಡು, ಬೂದಿ, ಬಯ್ಗುಳ.
ಅವಕ್ಕೂ ನನ್ನದಕ್ಕೂ ಸಂಬಂಧವೇ ಇಲ್ಲ ಎಂದುಕೊಂಡಿದ್ದೆ.
ನೀಲಿಯದು ಯಾವ ಊರಿಗೂ ಹೋಗುವುದಿಲ್ಲ,
ಹದಿನಾರಕ್ಕೂ ಹದಿನೆಂಟಕ್ಕೂ ನಡುವೆ
ಬೆಟಗೇರಿಯ ನಮ್ಮ ಮಗ್ಗದ ಸದ್ದಿನ ಮೇಲೆ ಓಡುತ್ತದೆ.

ಬಾಗಿಲಲ್ಲಿ ಒಬ್ಬ ಆಳು. ರುಮಾಲು, ಮೀಸೆ.
ಕೈ ಮೇಲೆತ್ತಿದ್ದಾನೆ, ಕಾಣುವುದು ಮೊಣಕೈವರೆಗೆ.
ಮುಂದಿನದನ್ನು ತಮ್ಮ ಚಂಬಣ್ಣ ತಿಂದಿದ್ದ,
ಹಲ್ಲು ಬರುವ ಕಾಲಕ್ಕೆ,
ಪುಟದ ಮೂಲೆ ಸಮೇತ.
ಇಲ್ಲದ ಆ ಅಂಗೈ
ನನಗೇ ಟಾಟಾ ಮಾಡುತ್ತಿದೆ ಎಂದು
ಎಷ್ಟು ವರ್ಷ ನಂಬಿದೆ, ಹೇಳಿದರೆ ನಗುತ್ತೀರಿ.

ಇನ್ನೊಂದಿತ್ತು. ಹತ್ತುವ ಮೆಟ್ಟಿಲು,
ಕೆಳಗಿನದು, ಸೊಟ್ಟ.
ಪಾಟಿಯ ಮೇಲೆ ಚಿತ್ರ ತೆಗೆಯುವಾಗ
ಸೊಟ್ಟದ್ದನ್ನು ಸೊಟ್ಟಗೇ ತೆಗೆದೆ.
ನೀರಲಗಿ ಮಾಸ್ತರು ಹೆಬ್ಬೆರಳಿಗೆ ಉಗುಳು ಹಚ್ಚಿ ಅಳಿಸಿ
ಪಟ್ಟಿ ಇಟ್ಟು ಗೆರೆ ಎಳೆದರು:
"ಬರದಾಂವಗ ಗೆರಿ ಬರಲಿಲ್ಲಂದ್ರ ನಿನಗೂ ಬರಬಾರದೇನು?"
ಎಲ್ಲರೂ ನಕ್ಕರು. ನಾನೂ ನಕ್ಕೆ.
ಮನೆಗೆ ಹೋಗಿ ಮತ್ತೆ ಸೊಟ್ಟ ಮಾಡಿದೆ.

ಐವತ್ತೊಂದು ವರ್ಷದ ಮೇಲೆ
ಹುಬ್ಬಳ್ಳಿ, ಗದಗ ರೋಡು, ವರ್ಕ್‌ಶಾಪಿನ ಹಿಂಬದಿ.
ಬಂದದ್ದು ಬೇರೆ ಕೆಲಸಕ್ಕೆ.
ನನ್ನ ಎಂಜಿನ್ ತಿಂದವನಿಗೆ ಇಲ್ಲೇ ನೌಕರಿ ಸಿಕ್ಕಿತ್ತು;
ಅವನ ಹೆಂಡತಿಯ ಪೆನ್ಶನ್ ಕಾಗದಕ್ಕೊಂದು ಸಹಿ ಬೇಕಿತ್ತು.
ಸಾಹೇಬರು ಊಟಕ್ಕೆ ಹೋಗಿದ್ದರು.

ಬೇವಿನ ನೆರಳು ಹುಡುಕುತ್ತ ನಡೆದರೆ
ಜಾಲಿಕಂಟಿಯ ನಡುವೆ, ತುಕ್ಕು ಹಳಿಯ ಮೇಲೆ
ಕರಿಯದೊಂದು. ಎದೆಮಟ್ಟದ ಗಾಲಿ.
ಗುರುತು ಹತ್ತಲಿಲ್ಲ. ದಾಟಿಯೇ ಬಿಡುತ್ತಿದ್ದೆ,
ಸೆರಗು ಎಲ್ಲೋ ಸಿಕ್ಕಿಕೊಂಡಿತು.
ಬಿಡಿಸಲು ಬಗ್ಗಿದೆ.

ಕೆಳಗಿನ ಮೆಟ್ಟಿಲು.
ಎಡತುದಿ ಒಳಕ್ಕೆ, ಬಲತುದಿ ಮೇಲಕ್ಕೆ,
ನನ್ನ ಬೆರಳಿಗೆ ಬಾಯಿಪಾಠವಿದ್ದ
ಅದೇ ಸೊಟ್ಟ.

ಅರುಳಪ್ಪ ಬಂದ. ರಿಟೈರಾದ ಫಿಟ್ಟರು,
ಈಗ ಹಳೆ ಕಬ್ಬಿಣಕ್ಕೆ ಕಾವಲು.
"ಅದಾ? ಕುಸುಗಲ್ಲಿನ್ಯಾಗ ಕಲ್ಲಿನ ಕಟ್ಟಿಗೆ ಬಡಕೊಂಡಿತ್ರಿ,
ನಮ್ಮಪ್ಪನ ಕಾಲಕ್ಕ.
ನೆಟ್ಟಗ ಮಾಡ್ರಿ ಅಂತ ಮೂರು ಸಲ ಬರದು ಕೊಟ್ರು.
ಒಬ್ಬ ಡ್ರೈವರೂ ಒಪ್ಪಲಿಲ್ಲ.
ಸೊಟ್ಟ ಇದ್ರ ಕಾಲು ಜಾರೂದಿಲ್ಲಂತ."

ಹಾಗಾದರೆ ಅವನು ಇಲ್ಲೇ ಎಲ್ಲೋ ಕೂತಿದ್ದ,
ಪುಟದ ಅಡಿಗೆ ಇರುವೆಯಷ್ಟು ಸಣ್ಣದಾಗಿ
'ಶಿ. ಕಮಡೊಳ್ಳಿ' ಎಂದು ಬರೆದುಕೊಂಡವನು,
ಬಿಸಿಲಿಗೆ ಕಣ್ಣು ಕಿರಿದು ಮಾಡಿ
ತೊಡೆಯ ಮೇಲಿನ ಹಲಗೆಗೆ
ಪಟ್ಟಿ ತಾಕಿಸದೆ.

"ನೀಲಿ ಬಣ್ಣ ಇತ್ತೇನ್ರಿ ಯಾವಾಗರೆ?"
ಅರುಳಪ್ಪ ಕೀಲಿಯಿಂದ ಕೆರೆದ.
ಕರಿ. ಅದರ ಕೆಳಗೆ ಕೆಮ್ಮಣ್ಣಿನಂಥದು. ಅದರ ಕೆಳಗೆ ಕಬ್ಬಿಣ.
"ಇಲ್ರಿ."
ಛಾಪಖಾನೆಯಲ್ಲಿ ಆ ದಿನ
ನೀಲಿ ಶಾಯಿಯೊಂದೇ ಉಳಿದಿತ್ತೇನೋ.

"ಮತ್ತ ಡ್ರೈವರ್ ಟಾಟಾ ಮಾಡ್ತಿದ್ದನೇನು?"
"ಟಾಟಾನ?" ಅವನಿಗೆ ನಗು ತಡೆಯಲಿಲ್ಲ.
"ಕೈ ಮ್ಯಾಲೆತ್ಯಾನಂದ್ರ
ಸೀಟಿ ಸರಪಳಿ ಜಗ್ಗಾಕತ್ತಾನ ಅಂತ ತಿಳೀರಿ.
ದನಾ ಹಾದಿ ಬಿಡ್ಲಿ ಅಂತ."

ಅರವತ್ತರ ಹತ್ತಿರದ ಮೊಣಕಾಲು. ಹತ್ತಿದೆ.
ಮೆಟ್ಟಿಲು ಪಾದವನ್ನು ಒಳಕ್ಕೆ ತಳ್ಳಿತು.
ನಿಜ, ಜಾರಲಿಲ್ಲ.
ಮೇಲೆ ಪಾರಿವಾಳದ ಹಿಕ್ಕೆ,
ಬೆಂಕಿಯ ಬಾಯೊಳಗೆ ಒಂದು ಒಣ ಗೂಡು,
ಗಡಿಯಾರಗಳಿದ್ದಲ್ಲಿ ದುಂಡು ತೂತುಗಳು.
ಕೈ ತಾನಾಗಿ ಮೇಲಕ್ಕೆ ಹೋಯಿತು.
ಸರಪಳಿ ಇಲ್ಲ. ಕೊಕ್ಕೆ ಇತ್ತು. ಜಗ್ಗಿದೆ.
ಅಂಗೈತುಂಬ ತುಕ್ಕು.

ಕೆಳಗಿನಿಂದ ಅರುಳಪ್ಪ ಕೈ ಎತ್ತಿ ಆಡಿಸಿದ.
ನಾನೂ ಆಡಿಸಿದೆ.
"ಅಲ್ರೀ ಅಕ್ಕಾರ, ಇಳೀರಿ, ಇಳೀರಿ ಅಂತ.
ಸಾಹೇಬ್ರು ಬಂದ್ರು."