ಕುಣಿಯೊಳಗಿನ ಕಾಲು

ಎಲಿಗೆ ಸುಣ್ಣ ಜಾಸ್ತಿ ಹಚ್ಚತೀನ್ರಿ,
ಅದಕ್ಕ ಏನು ಈ ಗುಳಿಗಿ? ಅಂತ ಕೇಳಿದೆ.
ತಸ್ನೀಮ ಡಾಕ್ಟರಬಾಯಿ ನಕ್ಕರು.
ತೋಳಿನ ಪಟ್ಟಿ ಬಿಚ್ಚಿ, ಮ್ಯಾಲ ನೂರಾ ಎಪ್ಪತ್ತೆಂಟು,
ಕೆಳಗ ನೂರಾ ನಾಕು ಅಂತ ಬರದು,
ಎಲಿ ಸುಣ್ಣ ಬ್ಯಾರೆ ಲೆಕ್ಕ ಸಕ್ಕೂಬಾಯಿ, ಅಂದ್ರು.
ನೆತ್ತರದಾಗೂ ಸುಣ್ಣದ ಕಣ ಅದಾವ,
ರಕ್ತನಾಳದ ಗ್ವಾಡಿಗೆ ಕಣ್ಣಿಗೆ ಕಾಣದ ಬಾಗಲ ಅದಾವ.
ಬಾಗಲ ದಾಟಿ ಸುಣ್ಣ ಒಳಗ ಹೋತಂದ್ರ
ಗ್ವಾಡಿ ಮುಷ್ಟಿ ಕಟ್ಟಿಧಂಗ ಬಿಗೀತೈತಿ.
ಈ ಗುಳಿಗಿ ಆ ಬಾಗಲಕ್ಕ ಅಡ್ಡ ಕುಂದ್ರತೈತಿ.

ಬಿಗಿ ಅಂದ್ರೇನು, ನನಗ ಹೇಳಬೇಕ?
ನಲವತ್ತು ವರ್ಷ ಬೆಟಗೇರಿಯೊಳಗ ಕುಣಿಮಗ್ಗಕ್ಕ ಇಳದಾಕಿ,
ಹಾಸಿನ ಬಿಗಿ ಬೆರಳ ತುದೀಲೆ ಓದತೀನಿ.
ಜಗ್ಗಿ ಕಟ್ಟಿದ ಹಾಸು ಮೊದಲು ಏನೂ ಅನ್ನೂದಿಲ್ಲ.
ಸೀರಿ ಛಂದ ಬರತೈತಿ, ದಡಿ ನೆಟ್ಟಗ,
ಸಾವಕಾರ ಬೆರಳಾಡಿಸಿ ಭೇಷ್ ಅಂತಾನ.
ಆಮ್ಯಾಲ ಒಂದಿನ, ನಡು ಮಧ್ಯಾಹ್ನ,
ಟಪ್
ಒಂದ ಎಳಿ.

ನಮ್ಮ ಯಜಮಾನ ಹಂಗ ಹ್ವಾದ.
ಲಾಳಿ ಕೈಯಾಗ ಇತ್ತು.

ಗುಳಿಗಿ ಜ್ವಾಳದಷ್ಟು. ಬಿಳೀದು. ರುಚಿ ಇಲ್ಲ.
ತಿಂಗಳೊಪ್ಪತ್ತಿನಾಗ ತಲಿ ಹಗರಾತು,
ಕಿವ್ಯಾಗಿನ ಗುಂಯ್ ನಿಂತಿತು.
ಆದ್ರ ಕುಣಿಯೊಳಗಿನ ಕಾಲು
ನನ್ನವ ಅಲ್ಲ ಅನಸಾಕ ಹತ್ತಿದ್ವು.
ಸಂಜೀಕ ಚಪ್ಪಲ ಪಟ್ಟಿ ಹಿಡೀತಿರಲಿಲ್ಲ.
ಹೆಬ್ಬೆರಳಲೆ ಒತ್ತಿದ್ರ ಹಿಮ್ಮಡದ ಮ್ಯಾಲ
ಒಂದ ಸಣ್ಣ ಕುಣಿ,
ಕುಣಿಯೊಳಗಿನ ಕಾಲಿನ್ಯಾಗ ಇನ್ನೊಂದ ಕುಣಿ,
ಭಾಳೊತ್ತು ತುಂಬತಿರಲಿಲ್ಲ.

ಕಿಡ್ನಿ ಹೋದ್ವು ತಗೊ, ಅಂದ್ಲು ಎದುರಮನಿ ತುಳಜವ್ವ.
ನಾ ಎಂಟು ದಿನ ಗುಳಿಗಿ ಬಿಟ್ಟೆ.
ಕಾಲು ಇಳದ್ವು. ಲೆಕ್ಕ ಏರಿತು.
ಒಂಬತ್ತನೇ ದಿನ ದಡಿಯ ಗೀಟು ಒಂದಿದ್ದದ್ದು ಎರಡು ಕಂಡ್ವು.

ಡಾಕ್ಟರಬಾಯಿ ಆವತ್ತ ನಗಲಿಲ್ಲ.
ರಕ್ತ ತಪಾಸ ಮಾಡಿಸಿ, ಕಾಗದ ನೋಡಿ,
ಕಿಡ್ನಿ ಸುದ್ದ ಅದಾವ, ಅಂದ್ರು.
ನಾಳ ಸಡಲಾದಾಗ ಒಂದೀಟು ನೀರು ಕಾಲಿಗೆ ಸೋರತೈತಿ.
ನನಗ ಹೇಳದ ಬಿಡಬ್ಯಾಡ. ಹಾಸು ಸಡಲಾತಂತ
ಮಗ್ಗಾನ ಮುರೀತಿಯೇನು?
ಗುಳಿಗಿ ಅರ್ಧ ಮಾಡಿ, ಜೋಡಿಗೆ ಮತ್ತೊಂದ ಕೊಟ್ಟರು.

ಅದೂ ನನಗ ಗೊತ್ತಿದ್ದದ್ದ.
ಒಂದ ತುಳಿಹಲಗಿ ಒತ್ತಿ ಒತ್ತಿ ಯಾರೂ ನೇಯೂದಿಲ್ಲ,
ಒಂದು ಇಳದ್ರ ಒಂದು ಏರಬೇಕು.

ಎಲಿ ಬಿಟ್ಟಿಲ್ಲ. ಸುಣ್ಣ ಉಗರಿನಷ್ಟ ಹಚ್ಚತೀನಿ.
ಉಪ್ಪಿನ್ಕಾಯಿ ಬಿಡು ಅಂದಾರ, ಅದರ ಮಾತು ಬ್ಯಾಡ.
ಮುಂಜಾನೆ ಮಗ್ಗಕ್ಕ ಇಳಿಯೂ ಮೊದಲು
ದಂಡಿಮ್ಯಾಲ ಕುಂತು ಹಿಮ್ಮಡ ಒತ್ತತೀನಿ,
ಕುಣಿ ಹೊಳ್ಳಿ ತುಂಬೂತನಾ ಎಣಸತೀನಿ.
ಒಂದು. ಎರಡು.
ಮೂರು ಅನ್ನೂದ್ರಾಗ ತೊಗಲ ಸಮ.
ಲಾಳಿ ತಗೋತೀನಿ.