ಸ್ಟಾಪುಗಳ ಪಟ್ಟಿ

ಶಾಂತಿನಗರ, ಡಿಪೋ ಮಹಡಿ, ರಾತ್ರಿ ಒಂಬತ್ತು.
ತಸ್ನೀಮ್ ಬರೆದ ಕ್ಲಾಸು ಲಿಸ್ಟಿನ ಹೊಟ್ಟೆಯಲ್ಲಿ ಹುಟ್ಟಿದ್ದು;
ನಂಬರು ಕೊಟ್ಟರೆ ಸ್ಟಾಪಿನ ಹೊಸ ಹೆಸರು ಹೇಳಬೇಕು.

ಸೊನ್ನೆ ಅಂದಳು. ಕೆಂಪೇಗೌಡ ನಿಲ್ದಾಣ.
ನಾಲ್ಕು. ಕೆಂಗಲ್ ಹನುಮಂತಯ್ಯ ರಸ್ತೆ.
ಜಾಣಮರಿ, ಎಂದು ಫಾರ್ ಲೂಪಿಗೆ ಬಿಟ್ಟರೆ
ಮೆಜೆಸ್ಟಿಕ್, ಕಾರ್ಪೊರೇಷನ್, ಡಬಲ್ ರೋಡು —
ಅವಳ ಸಾಲಿನತ್ತ ತಿರುಗಿಯೂ ನೋಡದೆ
ತಾಯಿಯ ಹಳೇ ಜಾಡಿನಲ್ಲೇ ಗುಡುಗುಡು ಓಡಿತು.

ಉತ್ತರ ತಿದ್ದಿದ್ದಳು, ನಡಿಗೆಯನ್ನಲ್ಲ.

ಕೆಳಗೆ ಬಸ್ಸು. ಎಲ್ಲಿಗೆ ಹೋಗುತ್ತೆ?
“ಕೆಂಪೇಗೌಡ ನಿಲ್ದಾಣ, ಮೇಡಂ,”
ಬೋರ್ಡು ಓದಿದಂತೆ ಕಂಡಕ್ಟರ್ ಹಾಲಪ್ಪ.
ಮರುಕ್ಷಣ ಬಾಗಿಲಿಗೆ ಜೋತು, ಯಾರೂ ಕೇಳದಿದ್ದರೂ,
ಮೆಜೆಸ್ಟಿಕ್ ಮೆಜೆಸ್ಟಿಕ್ ಮೆಜೆಸ್ಟಿಕ್!

ಕಿಟಕಿ ಸೀಟಲ್ಲಿ ಲ್ಯಾಪ್‌ಟಾಪ್ ತೆರೆದಳು.
ಇಟರ್ ಎಂದು ಟೈಪಿಸುವಷ್ಟರಲ್ಲಿ ಹಾಲಪ್ಪ ಬಂದ.
ಆಧಾರ್ ತೋರಿಸುತ್ತ, ತಲೆಯೆತ್ತದೆ, ಅಂದಳು:
“ಒಂದು ಮೆಜೆಸ್ಟಿಕ್.”